ದೌಂಡದಲ್ಲಿರುವ ನನ್ನ ಲೋಟ

ನನ್ನ ಲೋಟ ದೌಂಡದಲ್ಲಿದೆ. ನಾನು ಪುಣೆಯಲ್ಲಿದ್ದೇನೆ. ನಡುವೆ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ, ಸಿಗ್ನಲ್ ಸಿಗದೆ ನಿಂತರೆ ಎರಡು ಗಂಟೆ. ಒಂದು ಸ್ಟೀಲ್ ಲೋಟಕ್ಕಾಗಿ ಇಷ್ಟೆಲ್ಲ ಲೆಕ್ಕ ಹಾಕುವವಳ ಬಗ್ಗೆ ನೀವು ಏನಂದುಕೊಳ್ಳುತ್ತೀರಿ ಎಂದು ನನಗೆ ಗೊತ್ತು. ಅಮ್ಮನೂ ಫೋನಿನಲ್ಲಿ ಅದನ್ನೇ ಅಂದಳು: "ಹೋದ್ರೆ ಹೋಗ್ಲಿ ಬಿಡೇ, ಇನ್ನೊಂದು ತಗೋ."

ಈ ಮಾತನ್ನು ಬೇರೆ ಯಾರು ಬೇಕಾದರೂ ಹೇಳಬಹುದು, ಅಮ್ಮ ಹೇಳುವ ಹಾಗಿಲ್ಲ. ನಾನು ಎಂ.ಎಸ್ಸಿ. ಓದಲು ಹಾಸ್ಟೆಲಿಗೆ ಹೊರಟಾಗ ತಿಪಟೂರಿನ ಪಾತ್ರೆ ಅಂಗಡಿಗೆ ನನ್ನನ್ನು ಎಳೆದುಕೊಂಡು ಹೋಗಿ, ಒಂದು ತಟ್ಟೆ, ಒಂದು ಲೋಟ, ಒಂದು ಚಮಚ ಕೊಂಡು ಮೂರಕ್ಕೂ ಹೆಸರು ಹಾಕಿಸಿದವಳು ಅವಳೇ. ಅಂಗಡಿಯವನು ಪುಟ್ಟ ಯಂತ್ರವೊಂದನ್ನು ಪೆನ್ನಿನಂತೆ ಹಿಡಿದು ಟ್ರ್ ಟ್ರ್ ಎಂದು ಚುಕ್ಕೆ ಚುಕ್ಕೆಯಾಗಿ 'ಸಂಧ್ಯಾ' ಎಂದು ಕೊರೆಯುವಾಗ ಪಕ್ಕದಲ್ಲೇ ನಿಂತು, "ಸ್ವಲ್ಪ ದಪ್ಪಕ್ಕೆ ಹಾಕಪ್ಪಾ, ಹಾಸ್ಟೆಲ್‌ನಲ್ಲಿ ಯಾರ‍್ದು ಯಾವ್ದು ಅಂತ ಗೊತ್ತಾಗಲ್ಲ" ಎಂದಿದ್ದಳು. ಹೆಸರು ಹಾಕಿಸಿದ ಪಾತ್ರೆ ಎಲ್ಲಿಗೂ ಹೋಗುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರ ನಂಬಿಕೆ. ತಟ್ಟೆ ಮೊದಲ ವರ್ಷವೇ ಹೋಯಿತು. ಚಮಚ ಎರಡನೇ ವರ್ಷ ಹೋಯಿತು. ಲೋಟ ಮಾತ್ರ ನನ್ನ ಜೊತೆ ಪುಣೆಗೆ ಬಂದು, ಮೂರು ಬಾಡಿಗೆ ಮನೆ ನೋಡಿ, ಈಗ ದೌಂಡ ಸೇರಿದೆ.

ಅದು ಅಲ್ಲಿಗೆ ಹೋಗಲು ಕಾರಣ ಸ್ವಯಂ ಅರಿವು. ನಗಬೇಡಿ, ನಾನು ಗಂಭೀರವಾಗಿ ಹೇಳುತ್ತಿದ್ದೇನೆ. ಮನುಷ್ಯ ತನ್ನನ್ನು ತಾನು ಅರಿಯಬೇಕು ಎಂದು ಹೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರು ಹೇಳುವುದು ಸುಳ್ಳೆಂದು ಅಲ್ಲ. ಅರಿತ ಮೇಲೆ ಏನು ಮಾಡಬೇಕು ಎಂಬುದನ್ನು ಅವರು ಹೇಳುವುದೇ ಇಲ್ಲ. ಅಷ್ಟು ಹೊತ್ತಿಗೆ ಅವರ ತರಬೇತಿಯಲ್ಲಿ ಮಧ್ಯಾಹ್ನದ ಊಟದ ಬಿಡುವು ಬಂದಿರುತ್ತದೆ.

ನಾನು ಕೆಲಸ ಮಾಡುವುದು ಪುಣೆಯ ಹೊರಗಿನ ಚಾಕಣದಲ್ಲಿ, ಗಾಡಿಗಳ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಗುಣಮಟ್ಟ ವಿಭಾಗದಲ್ಲಿ. ಸಂಖ್ಯಾಶಾಸ್ತ್ರ ಓದಿದ್ದಕ್ಕೆ ಸಿಕ್ಕ ಕೆಲಸ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಎಂದರೆ ಸರಳವಾಗಿ ಅರ್ಥವಾಗುತ್ತದೆ. ಬೆಳಗ್ಗೆ ಹೋದ ಕೂಡಲೇ ಮೊದಲು ಅಳತೆಯ ಉಪಕರಣವನ್ನೇ ಪರೀಕ್ಷಿಸಬೇಕು. ಅದರ ಎರಡು ದವಡೆಗಳ ನಡುವೆ ಏನೂ ಇಡದೆ ಮುಚ್ಚಿದಾಗ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಆ ದಿನ ಅದು ಅಳೆದದ್ದೆಲ್ಲ ಅಷ್ಟಷ್ಟೇ ತಪ್ಪು. ಹೊಸದಾಗಿ ಸೇರಿದವರಿಗೆ ಇದನ್ನು ಕಲಿಸಿಕೊಡುವವಳು ನಾನೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ನನ್ನನ್ನು ನೋಡಿ ನಗಲು ಅನುಕೂಲವಾಗುತ್ತದೆ.

ಆರು ತಿಂಗಳ ಹಿಂದೆ ಕಂಪನಿಯವರಿಗೆ ನಮ್ಮೆಲ್ಲರ ಬೆಳವಣಿಗೆಯ ಬಗ್ಗೆ ಇದ್ದಕ್ಕಿದ್ದಂತೆ ಕಾಳಜಿ ಹುಟ್ಟಿತು. ಮುಂಬಯಿಯಿಂದ ಒಬ್ಬ ತರಬೇತುದಾರರು ಬಂದರು. ಬಿಳಿ ಅಂಗಿ, ಕೊರಳಲ್ಲಿ ಮಣಿಸರ. ನಮ್ಮನ್ನು ಕಣ್ಣು ಮುಚ್ಚಿಸಿದರು, ತೆರೆಸಿದರು, ಪಕ್ಕದವರ ಕಣ್ಣಲ್ಲಿ ಕಣ್ಣಿಟ್ಟು ನೋಡಿಸಿದರು. ನನ್ನ ಪಕ್ಕದಲ್ಲಿದ್ದವರು ಉಗ್ರಾಣದ ಮೇಲ್ವಿಚಾರಕರು, ನಿವೃತ್ತಿಗೆ ಹತ್ತಿರವಾದವರು. ಇಬ್ಬರೂ ಒಂದು ನಿಮಿಷ ಪರಸ್ಪರರ ಹುಬ್ಬು ನೋಡಿ ಮುಗಿಸಿದೆವು. "ಬೆಳವಣಿಗೆ ಎಂಬ ಕಟ್ಟಡಕ್ಕೆ ಸ್ವಯಂ ಅರಿವೇ ಪಾಯ" ಎಂದು ತರಬೇತುದಾರರು ಹಿಂದಿಯಲ್ಲಿ ಹೇಳಿ, ಎಲ್ಲರಿಗೂ ಗುಲಾಬಿ ಬಣ್ಣದ ಹಾಳೆಗಳನ್ನು ಹಂಚಿದರು. ನಮ್ಮನ್ನು ಬಲ್ಲ ಐದು ಜನರಿಂದ ಅದನ್ನು ತುಂಬಿಸಿ ತರಬೇಕಂತೆ. ಇಬ್ಬರು ಕಚೇರಿಯವರು, ಮೂವರು ಹೊರಗಿನವರು, ಯಾವ ಭಾಷೆಯಾದರೂ ಸರಿ. ಹಾಳೆಯಲ್ಲಿ ಮೂರು ಚೌಕ: ಇವರ ಶಕ್ತಿ, ಇವರ ದೌರ್ಬಲ್ಯ, ಇವರಿಗೇ ಗೊತ್ತಿಲ್ಲದ ಇವರ ಒಂದು ಅಭ್ಯಾಸ. ನಮಗೂ ಒಂದು ಹಾಳೆ, ಅದೇ ಮೂರು ಚೌಕ.

ನಾನು ಕೈಯೆತ್ತಿ ಕೇಳಿದೆ: "ನನಗೇ ಗೊತ್ತಿಲ್ಲದ ಅಭ್ಯಾಸವನ್ನು ನನ್ನ ಹಾಳೆಯಲ್ಲಿ ನಾನು ಹೇಗೆ ಬರೆಯಲಿ?"

"ಅದ್ಭುತವಾದ ಪ್ರಶ್ನೆ!" ಎಂದರು ಅವರು. ಎಲ್ಲರಿಂದಲೂ ಚಪ್ಪಾಳೆ ಹೊಡೆಸಿದರು. ಉತ್ತರ ಕೊಡಲಿಲ್ಲ.

ನನ್ನ ಹಾಳೆಯನ್ನು ನಾನು ಬಸ್ಸಿನಲ್ಲೇ ತುಂಬಿದೆ. ಶಕ್ತಿ: ಯಾರ ತಂಟೆಗೂ ಹೋಗುವುದಿಲ್ಲ. ದೌರ್ಬಲ್ಯ: ಮಾತು ಕಡಿಮೆ. ಮೂರನೆಯದಕ್ಕೆ ಒಂದು ಅಡ್ಡಗೆರೆ. ನನಗೆ ನನ್ನ ಬಗ್ಗೆ ಇಷ್ಟು ಸ್ಪಷ್ಟತೆ ಇರುವಾಗ ಈ ಐದು ಜನರ ಉಪದ್ರವ ಯಾಕೆ ಎಂದು ಸ್ವಾರಗೇಟ್ ಬಸ್ ನಿಲ್ದಾಣದವರೆಗೂ ಗೊಣಗಿಕೊಂಡೆ.

ಕಚೇರಿಯ ಇಬ್ಬರು 'ಶಿಸ್ತು', 'ಸಮಯಪಾಲನೆ' ಎಂದು ಬರೆದು ಕೈ ತೊಳೆದುಕೊಂಡರು. ಅಮ್ಮನಿಗೆ ಫೋನು ಮಾಡಿದೆ.

"ದೌರ್ಬಲ್ಯನಾ? ಊಟ ಸರಿಯಾಗಿ ಮಾಡಲ್ಲ ಅಂತ ಬರ‍್ಕೋ."

"ಅಮ್ಮಾ, ಅದು ದೌರ್ಬಲ್ಯ ಅಲ್ಲ."

"ಮತ್ತೆ ಇನ್ನೇನು? ಊಟ ಮಾಡದಿದ್ರೆ ಬಲ ಎಲ್ಲಿಂದ ಬರುತ್ತೆ?"

"ನಂಗೇ ಗೊತ್ತಿಲ್ಲದ ಒಂದು ಅಭ್ಯಾಸ ಹೇಳು."

"ನಿಂಗೆ ಗೊತ್ತಿಲ್ಲದ್ದು ನಂಗೆ ಹೆಂಗೆ ಗೊತ್ತಿರುತ್ತೆ ತಾಯಿ? ಎಲ್ಲಾ ನೀನೇ ಅಲ್ವಾ ನಂಗೆ ಹೇಳ್ಕೊಡೋದು?"

ಇದನ್ನು ಅಮ್ಮ ಕೊಂಕಿನಿಂದ ಹೇಳಿದಳೋ ಪ್ರೀತಿಯಿಂದ ಹೇಳಿದಳೋ ನನಗೆ ತಿಳಿಯಲಿಲ್ಲ. 'ಊಟ' ಎಂದೇ ಬರೆದುಕೊಂಡೆ.

ಎರಡನೆಯವರು ಇಂದೂ ಕಾಕೂ, ನಮ್ಮ ಮನೆಯ ಮಾಲಕಿ. ಮಾರ್ಕೆಟ್ ಯಾರ್ಡಿನ ಹಿಂಭಾಗದ ಓಣಿಯಲ್ಲಿ ಅವರದು ಎರಡು ಅಂತಸ್ತಿನ ಮನೆ. ಕೆಳಗೆ ಅವರು, ಮೇಲೆ ನಾವು. ಬೆಳಗ್ಗೆ ಕಿಟಕಿ ತೆರೆದರೆ ಕೊತ್ತಂಬರಿ ಸೊಪ್ಪು ಇಳಿಸುವ ವಾಸನೆ ಬರುತ್ತದೆ, ಮಧ್ಯಾಹ್ನ ಈರುಳ್ಳಿಯದು. ಕಾಕೂ ಸೊಲ್ಲಾಪುರದಲ್ಲಿ ಹುಟ್ಟಿದವರು, ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುತ್ತಾರೆ. ಹಾಳೆಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ದನಿ ತಗ್ಗಿಸಿ ಕೇಳಿದರು:

"ಹುಡುಗನ ಕಡಿಯವ್ರು ಕಳಿಸ್ಯಾರೇನು?"

"ಇಲ್ಲ ಕಾಕೂ, ಕಂಪನಿಯವರು."

"ಅಗ ಬಾಯಿ! ಕಂಪನಿಯವ್ರು ಲಗ್ನನೂ ಮಾಡಸ್ತಾರೇನು ಈಗ?"

ಎಷ್ಟು ಬಿಡಿಸಿ ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಶಕ್ತಿಯ ಚೌಕದಲ್ಲಿ ನನ್ನ ಬಣ್ಣ, ಓದು, ಸಂಬಳ ಎಲ್ಲವನ್ನೂ ಮರಾಠಿಯಲ್ಲಿ ಬರೆದು, ಜಾಗ ಸಾಲದೆ ಹಿಂಬದಿಗೂ ಹೋದರು. ದೌರ್ಬಲ್ಯದ ಎದುರು ದೊಡ್ಡ ಅಕ್ಷರದಲ್ಲಿ 'ಏನೂ ಇಲ್ಲ'. ಮೂರನೆಯದರಲ್ಲೂ 'ಏನೂ ಇಲ್ಲ'. "ಇಂಥಾದ್ದೆಲ್ಲಾ ಬರದ ಕೊಟ್ರ ಓಡಿ ಹೋಗ್ತಾರವಾ, ನಾ ನೋಡೀನಿ" ಎಂದು ಚಹಾ ಕೊಟ್ಟು ಕಳಿಸಿದರು.

ಮೂರನೆಯವಳು ರೇಣುಕಾ.

ರೇಣುಕಾ ನನ್ನ ಜೊತೆ ಮನೆ ಹಂಚಿಕೊಂಡಿದ್ದವಳು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು, ನನಗಿಂತ ಎರಡು ವರ್ಷ ಚಿಕ್ಕವಳು, ರೈಲ್ವೆಯಲ್ಲಿ ಗುಮಾಸ್ತೆ. ಬಂದು ಹನ್ನೊಂದು ತಿಂಗಳಾಗಿತ್ತು. ಅವಳು ರೊಟ್ಟಿ ಬಡಿದರೆ ನಾನು ಸಾರು ಮಾಡುತ್ತಿದ್ದೆ. ಬೆಳಗಿನ ಪಾತ್ರೆ ನನ್ನದು, ಸಂಜೆಯದು ಅವಳದು. ಹನ್ನೊಂದು ತಿಂಗಳಲ್ಲಿ ನಮ್ಮಿಬ್ಬರ ನಡುವೆ ಒಂದು ಜಗಳವೂ ಆಗಿರಲಿಲ್ಲ. ಇದನ್ನು ನಾನು ನನ್ನ ಸಾಧನೆ ಎಂದೇ ತಿಳಿದಿದ್ದೆ. ಮೂರನೆಯ ತಿಂಗಳಿನಲ್ಲಿ ಅವಳು ತನಗೆಂದೇ ಬೇರೆ ತಟ್ಟೆ, ಬೇರೆ ಲೋಟ ಕೊಂಡು ತಂದು ಕೆಳಗಿನ ಗೂಡಿನಲ್ಲಿ ಇಟ್ಟುಕೊಂಡಾಗ ನನಗೆ ಖುಷಿಯೂ ಆಗಿತ್ತು. ಎಷ್ಟು ಅಚ್ಚುಕಟ್ಟಾದ ಹುಡುಗಿ, ಗೊಂದಲಕ್ಕೆ ಅವಕಾಶವೇ ಇಲ್ಲ ಎಂದುಕೊಂಡಿದ್ದೆ.

ಆ ತಿಂಗಳಷ್ಟೇ ಅವಳಿಗೆ ದೌಂಡಕ್ಕೆ ವರ್ಗವಾಗಿತ್ತು. ಪುಣೆಯಿಂದ ದೌಂಡಕ್ಕೆ ದಿನಾ ಹೋಗಿ ಬರುವವರು ಬೇಕಾದಷ್ಟು ಜನ ಇದ್ದಾರೆ. ಅವಳೂ ಮೊದಲು ಹಾಗೆಯೇ ಹೇಳಿದ್ದಳು. ಆಮೇಲೆ ಒಂದು ದಿನ ರೊಟ್ಟಿ ತಟ್ಟುತ್ತಾ, ತಲೆ ಎತ್ತದೆ, "ಅಲ್ಲೇ ಒಂದ ರೂಮ್ ನೋಡೀನ್ರಿ" ಎಂದಳು. ನಾನು "ಒಳ್ಳೇದಾಯ್ತು, ಅನುಕೂಲ ಆಗುತ್ತೆ" ಎಂದೆ. ಅವಳು ಹೋಗುವುದು ನನಗೆ ಸ್ವಲ್ಪವೂ ಬೇಕಿರಲಿಲ್ಲ. ಅದನ್ನು ಹೇಳಲಿಲ್ಲ. ಯಾರ ತಂಟೆಗೂ ಹೋಗುವುದಿಲ್ಲವಲ್ಲ, ಅದೇ ನನ್ನ ಶಕ್ತಿ.

ಶನಿವಾರ ಸಂಜೆ ರೇಣುಕಾ ಹಾಳೆಯನ್ನು ಮೇಜಿನ ಮೇಲಿಟ್ಟು ಪಾತ್ರೆ ತೊಳೆಯಲು ಹೋದಳು. ನೋಡಿದೆ. ಶಕ್ತಿ: ಸುಳ್ಳು ಹೇಳುವುದಿಲ್ಲ. ದೌರ್ಬಲ್ಯ: ನಗುವುದು ಕಡಿಮೆ. ಮೂರನೆಯದು ಖಾಲಿ. ಖಾಲಿ ಚೌಕ ಕಂಡರೆ ನನಗೆ ಆಗುವುದಿಲ್ಲ. ಬಿಡಿಭಾಗ ಪೂರೈಸುವವರು ಒಂದು ಅಳತೆ ಬಿಟ್ಟು ಕಳಿಸಿದರೆ ಅವರ ಬೆನ್ನು ಬಿಡದವಳು ನಾನು.

"ರೇಣುಕಾ, ಮೂರನೇದು ಬಿಟ್ಟಿದ್ದೀಯ."

"ಏನೂ ಹೊಳೀಲಿಲ್ರಿ."

"ಏನಾದ್ರೂ ಒಂದು ಬರಿ. ಸೋಮವಾರ ಕೊಡಬೇಕು. ಖಾಲಿ ಇದ್ರೆ ವಾಪಸ್ ಕಳಿಸ್ತಾರೆ."

"ನೀವ ಏನರ ಬರ್ಕೊಳ್ರಿ, ನಾ ಸಹಿ ಮಾಡ್ತೀನಿ."

"ಹಂಗೆಲ್ಲಾ ಆಗಲ್ಲ. ನಿಂಗೆ ಅನ್ನಿಸಿದ್ದೇ ಆಗಬೇಕು."

ಅವಳು ಬೆನ್ನು ತಿರುಗಿಸಿಕೊಂಡೇ ನಕ್ಕಳು. "ನಿಮ್ಮ ಕಂಪನಿಗೆ ಖರೇನ ಬೇಕಂತೇನು?"

"ಹೂಂ, ಖರೇನೇ ಬೇಕಂತೆ."

ರೇಣುಕಾ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಳ್ಳಲಿಲ್ಲ. "ನಾ ತೊಳದಿಟ್ಟ ಲೋಟ ನೀವು ಮತ್ತ ತೊಳದು ನೀರ ಕುಡೀತೀರಿ. ದಿನಾ. ಬರೀಲೇನ್ರಿ ಅದನ್ನ?"

ನನಗೆ ಒಂದು ಕ್ಷಣ ಅವಳು ಯಾರ ಬಗ್ಗೆ ಹೇಳುತ್ತಿದ್ದಾಳೆಂದೇ ಹೊಳೆಯಲಿಲ್ಲ. ಆಮೇಲೆ ಬಾಯಿಗೆ ಬಂದದ್ದು: "ಅದು... ಸೋಪಿನ ವಾಸನೆ ಇರುತ್ತೆ ಅಂತ."

"ತಾಟೂ ತೊಳೀತೀರಿ. ಸೌಟೂ ತೊಳೀತೀರಿ. ನಾ ಒಳಗಿನ ಖೋಲ್ಯಾಗ ಕುಂತಾಗ ನಳದ ಸಪ್ಪಳ ಕೇಳ್ತದ್ರಿ."

"ನಾನು ಎಲ್ಲರದ್ದೂ ತೊಳೀತೀನಿ ರೇಣುಕಾ. ಅದೊಂದು ಅಭ್ಯಾಸ ನಂಗೆ."

"ಎಲ್ಲಾರದೂ?"

 ಅವಳೇ ಮುಂದುವರಿಸಿದಳು. ಸಿಟ್ಟಿನ ದನಿಯಲ್ಲ, ಯಾವುದೋ ರೈಲಿನ ಸಮಯ ಹೇಳುವ ಹಾಗೆ.

"ನಮ್ಮವ್ವ ಊರಾಗ ಒಬ್ಬ ಮಾಸ್ತರ ಮನ್ಯಾಗ ಭಾಂಡಿ ತಿಕ್ಕತಿದ್ಳು. ಆಕಿ ತಿಕ್ಕಿ ಡಬ್ಬ ಹಾಕಿ ಬಂದ ಮ್ಯಾಲ ಆ ಮನಿ ಅಕ್ಕಾರು ಒಂದೊಂದರ ಮ್ಯಾಲ ನೀರ ಸುರವಿ ಒಳಗ ಒಯ್ತಿದ್ರು. ನಾ ಸಾಲಿಂದ ಬರೂವಾಗ ನೋಡ್ತಿದ್ದೆ. ನೀವೂ ಹಂಗ ಅಂತ ತಿಳ್ಕೊಂಡೆ. ಅದಕ್ಕ ಬ್ಯಾರೆ ತಾಟು ತಂದ್ನಿ, ನಿಮಗ ತ್ರಾಸ ಬ್ಯಾಡ ಅಂತ."

"ನಾನು ನಿನ್ನ ಜಾತಿ ಯಾವತ್ತಾದ್ರೂ ಕೇಳಿದೀನಾ?" ನನ್ನ ದನಿ ಏರಿತ್ತು. ನನ್ನ ದನಿ ಏರಿದ್ದನ್ನು ನಾನು ಕೇಳಿದ್ದು ಅಪರೂಪ.

"ಕೇಳಿಲ್ರಿ, ಖರೆ. ಆದ್ರ ಗೊತ್ತಿತ್ತಲ್ರಿ ನಿಮಗ?"

ಗೊತ್ತಿತ್ತು. ಅವಳು ಬಂದ ಮೊದಲ ವಾರ ಅವಳ ಹೆಸರಿಗೆ ಬಂದ ಲಕೋಟೆಯ ಮೇಲೆ ಮನೆತನದ ಹೆಸರು ಓದಿದಾಗಲೇ ಗೊತ್ತಾಗಿತ್ತು. ಓದಿ, 'ನನಗೆ ಇದೆಲ್ಲ ಮುಖ್ಯವಲ್ಲ' ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಮರೆತಿದ್ದೆ.

"ಗೊತ್ತಿತ್ತು" ಎಂದೆ.

ರೇಣುಕಾ ತಲೆಯಾಡಿಸಿ ಒಳಗೆ ಹೋದಳು. ನಾನು ಅಲ್ಲೇ ನಿಂತಿದ್ದೆ. ನೀರು ಕುಡಿಯಬೇಕೆನ್ನಿಸಿತು. ಸ್ಟ್ಯಾಂಡಿನಿಂದ ನನ್ನ ಲೋಟ ತೆಗೆದುಕೊಂಡೆ. ಕೈ ತಾನಾಗಿ ನಲ್ಲಿಯ ಕಡೆ ಹೋಯಿತು. ಇದು ಕಥೆಗೆ ಚೆನ್ನಾಗಿರುತ್ತದೆಂದು ಹೇಳುತ್ತಿಲ್ಲ, ನಿಜವಾಗಿಯೂ ಹೋಯಿತು. ಅಷ್ಟೆಲ್ಲ ಕೇಳಿಸಿಕೊಂಡ ಎರಡೇ ನಿಮಿಷಕ್ಕೆ. ಲೋಟವನ್ನು ಹಾಗೆಯೇ ಇಟ್ಟು, ನೀರು ಕುಡಿಯದೆ ಬಂದು ಕೂತೆ.

ಆ ಮಾಸ್ತರ ಮನೆಯ ಹೆಂಗಸಿಗೆ ನನ್ನ ಅಜ್ಜಿಯ ಮುಖವಿತ್ತು. ನಾನು ಇಂಡಿ ಊರನ್ನು ಕಂಡವಳಲ್ಲ, ಆದರೆ ಆ ಹಿತ್ತಿಲು ನನಗೆ ಗೊತ್ತು. ನಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೆಲಸದ ನಿಂಗಮ್ಮ ಪಾತ್ರೆ ಬೆಳಗಿ ಮೂರು ಸಾಲಾಗಿ ಬೋರಲು ಹಾಕಿ ಹೋಗುತ್ತಿದ್ದಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಬಿಸಿಲಿಗೆ ಹಿತ್ತಾಳೆ ಕಣ್ಣು ಕುಕ್ಕುತ್ತಿತ್ತು. ಅವಳು ಬೇಲಿ ದಾಟಿದ ಮೇಲೆ ಅಜ್ಜಿ ನನ್ನನ್ನು ಕರೆಯುತ್ತಿದ್ದರು. ಒಂದು ಚೊಂಬು ನೀರು ಹಿಡಿದು, ಪ್ರತಿ ಪಾತ್ರೆಯ ಮೇಲೂ ಒಂದು ಧಾರೆ ಬಿಟ್ಟು, ಒಳಗೆ ತಂದಿಡುವುದು ರಜೆಯಲ್ಲಿ ನನ್ನ ಕೆಲಸ. ನನಗೆ ಅದು ಎಷ್ಟು ಇಷ್ಟವಾಗಿತ್ತೆಂದರೆ, ಒಂದು ಚೊಂಬಿನಲ್ಲಿ ಎಷ್ಟು ಪಾತ್ರೆ ಮುಗಿಸಬಹುದು ಎಂದು ನನ್ನ ಜೊತೆ ನಾನೇ ಪಂದ್ಯ ಕಟ್ಟುತ್ತಿದ್ದೆ. ಹನ್ನೆರಡರವರೆಗೂ ಹೋಗಿದ್ದೆ. ಒಂದು ಸಲ ಮಾತ್ರ ಕೇಳಿದ್ದೆ, ತೊಳೆದದ್ದನ್ನು ಯಾಕೆ ತೊಳೆಯಬೇಕು ಎಂದು. "ಹುಣಸೆಹಣ್ಣು ಅಂಟ್ಕೊಂಡಿರುತ್ತಮ್ಮ" ಎಂದಿದ್ದರು ಅಜ್ಜಿ. ಒಳ್ಳೆಯ ಕಾರಣ. ನಾನು ನಂಬಿದೆ. ಆಮೇಲೆ ಹುಣಸೆಹಣ್ಣು ಹೋಗಿ ಸೋಪು ಬಂತು. ಕಾರಣವನ್ನು ಕಾಲಕ್ಕೆ ತಕ್ಕಂತೆ ಬದಲಿಸಿಕೊಂಡವಳು ನಾನೇ, ಅದೂ ಯಾರೂ ಕೇಳದೆಯೇ.

ಆದರೂ ನಾನು ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಸೋಪು ನಿಜವಾಗಿಯೂ ಇರುತ್ತಿತ್ತಲ್ಲ, ರೇಣುಕಾ ಅವಸರದ ಹುಡುಗಿ, ಒಂದೇ ನೀರಿಗೆ ಜಾಲಿಸಿ ಇಡುತ್ತಾಳೆ ಎಂದು ಶನಿವಾರ ರಾತ್ರಿಯಿಡೀ ನನ್ನ ಪರವಾಗಿ ನಾನೇ ವಾದ ಮಾಡಿಕೊಂಡೆ. ಭಾನುವಾರ ಬೆಳಗ್ಗೆ ಕಾಕೂ ಚಹಾಕ್ಕೆ ಕರೆದರು. ಪ್ರತಿ ಭಾನುವಾರ ಕರೆಯುತ್ತಾರೆ. ಕಾಕೂಗೆ ಕಣ್ಣು ಮಂದ, ಕೈಯಲ್ಲಿ ಬಲವಿಲ್ಲ. ಅವರ ಪಿಂಗಾಣಿ ಕಪ್ಪುಗಳ ಒಳಗೆ ಹಳೆಯ ಚಹಾದ ಕಂದು ಗೆರೆ ಮರದ ಕಾಂಡದ ಉಂಗುರಗಳಂತೆ ಒಂದರ ಕೆಳಗೊಂದು ಇದೆ. ನಾನು ಅರ್ಧ ಕಪ್ಪು ಚಹಾ ಕುಡಿದಿದ್ದೆ. ಗೆರೆ ಕಾಣಿಸಿತು. ಎರಡೂವರೆ ವರ್ಷದಿಂದ ಈ ಕಪ್ಪಿನಲ್ಲಿ ಕುಡಿಯುತ್ತಿದ್ದೇನೆ. ಒಂದು ದಿನವೂ ಎದ್ದು ಹೋಗಿ ತೊಳೆದಿಲ್ಲ. ತೊಳೆಯಬೇಕೆಂದು ಅನ್ನಿಸಿಯೂ ಇಲ್ಲ. ಕಾಕೂ ಮನೆಯ ದೇವರ ಗೂಡು ತಿಪಟೂರಿನ ನಮ್ಮ ಮನೆಯದರಂತೆಯೇ ಇದೆ. ಅವರ ಅಡುಗೆಯ ಪರಿಮಳವೂ ಹೆಚ್ಚು ಕಡಿಮೆ ನಮ್ಮ ಮನೆಯದೇ.

"ಯಾಕ, ಸಕ್ಕರಿ ಕಮ್ಮಿ ಆತೇನು?" ಕಾಕೂ ಕೇಳಿದರು.

"ಇಲ್ಲ ಕಾಕೂ" ಎಂದು ಉಳಿದರ್ಧವನ್ನೂ ಕುಡಿದೆ. ಅಳತೆಯ ಉಪಕರಣ ದವಡೆ ಮುಚ್ಚಿ ನೋಡಿದಾಗ ಸೊನ್ನೆ ತೋರಿಸಲಿಲ್ಲ ಎಂದರೆ ಇಷ್ಟೇ.

ಮೇಲೆ ಹೋದೆ. ರೇಣುಕಾ ಹೊದಿಕೆ ಮಡಚುತ್ತಿದ್ದಳು. ನನಗೆ ಕ್ಷಮೆ ಕೇಳುವುದು ಬರುವುದಿಲ್ಲ. ವರದಿ ಒಪ್ಪಿಸುವುದು ಬರುತ್ತದೆ.

"ಸೋಪಲ್ಲ" ಎಂದೆ.

"ಏನ್ರಿ?"

"ಸೋಪಿನ ವಾಸನೆಗೆ ಅಲ್ಲ ನಾನು ತೊಳೀತಿದ್ದಿದ್ದು. ಕಾಕೂ ಮನೇಲಿ ತೊಳೆಯಲ್ಲ. ಅಲ್ಲಿ ಇನ್ನೂ ಗಲೀಜಿದೆ."

"ಮತ್ತ ಯಾಕ?"

"ನಂಗೆ ಗೊತ್ತಿರ್ಲಿಲ್ಲ ರೇಣುಕಾ. ಗೊತ್ತಿಲ್ದೇನೇ ಮಾಡ್ತಿದ್ದೆ."

ಅವಳು ಹೊದಿಕೆಯ ತುದಿಗೆ ತುದಿ ಸೇರಿಸಿ ಹಿಡಿದು ನನ್ನನ್ನೇ ನೋಡಿದಳು. "ಗೊತ್ತಿಲ್ದ ಮಾಡೂದ ಭಾಳ ತ್ರಾಸ್ರಿ. ಗೊತ್ತಿದ್ದ ಮಾಡಿದ್ರ ಜಗಳರ ಆಡಬಹುದಿತ್ತು."

"ಈಗ ಆಡು."

"ಈಗ ಸಾಮಾನ ಕಟ್ಟಬೇಕ್ರಿ" ಎಂದು ಹೊದಿಕೆಯನ್ನು ಚೀಲದೊಳಗೆ ತುರುಕಿದಳು. ಹೋಗಬೇಡ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಚೀಲದ ಬಾಯಿ ಹಿಡಿದುಕೊಟ್ಟೆ.

ಸೋಮವಾರ ಬೆಳಗ್ಗೆ ನೋಡಿದರೆ ಗುಲಾಬಿ ಹಾಳೆಯ ಮೂರನೆಯ ಚೌಕದಲ್ಲಿ ಅವಳ ದುಂಡನೆಯ ಅಕ್ಷರಗಳಿದ್ದವು. 'ತೊಳೆದ ಲೋಟವನ್ನು ಮತ್ತೆ ತೊಳೆಯುತ್ತಾರೆ.' ಅಷ್ಟೇ. ಯಾಕೆಂದು ಬರೆದಿರಲಿಲ್ಲ. ನನ್ನನ್ನು ಉಳಿಸಲು ಬಿಟ್ಟಳೋ, ಚೌಕದಲ್ಲಿ ಜಾಗವಿಲ್ಲವೆಂದು ಬಿಟ್ಟಳೋ ತಿಳಿಯದು.

ಆ ವಾರ ತರಬೇತುದಾರರು ಮತ್ತೆ ಬಂದರು. ಒಬ್ಬೊಬ್ಬರ ಹಾಳೆಯನ್ನೂ ಎಲ್ಲರ ಮುಂದೆ ಎತ್ತಿ ಹಿಡಿದು ವ್ಯಾಖ್ಯಾನ ಮಾಡಿದರು. ನನ್ನ ಸರದಿ ಬಂದಾಗ ಕನ್ನಡದ ಸಾಲನ್ನು ಹಿಂದಿಯಲ್ಲಿ ಹೇಳಲು ನನ್ನನ್ನೇ ನಿಲ್ಲಿಸಿದರು. ಹೇಳಿದೆ. ಅವರ ಮುಖ ಅರಳಿತು.

"ನೋಡಿ! ಇದು ದೌರ್ಬಲ್ಯವೇ ಅಲ್ಲ. ಇದು ಗುಣಮಟ್ಟದ ತಪಸ್ಸು. ಇವರು ಮನೆಯಲ್ಲೂ ಎರಡನೇ ಸಲ ತಪಾಸಣೆ ಮಾಡುತ್ತಾರೆ!"

ಮತ್ತೆ ಚಪ್ಪಾಳೆ. ನನ್ನ ಹಾಳೆಯ ಮೇಲೆ ಬಂಗಾರದ ಬಣ್ಣದ ಒಂದು ನಕ್ಷತ್ರ ಅಂಟಿಸಿದರು, ಶಿಶುವಿಹಾರದಲ್ಲಿ ಅಂಟಿಸುವಂಥದ್ದು. ಸ್ವಯಂ ಅರಿವು ಪೂರ್ಣಗೊಂಡಿದೆ ಎಂದು ಒಂದು ಪ್ರಮಾಣಪತ್ರವೂ ಬಂತು. 'ಅಲ್ಲ, ವಿಷಯ ಅದಲ್ಲ' ಎನ್ನಲು ನನ್ನ ಬಾಯಿಯವರೆಗೂ ಬಂದಿತ್ತು. ನಲವತ್ತು ಜನ ನೋಡುತ್ತಿದ್ದರು. ನಾನು ಕೂತೆ. ಆ ನಕ್ಷತ್ರದಷ್ಟು ನಾಚಿಕೆ ನನಗೆ ಬೈಗುಳದಿಂದಲೂ ಆಗುತ್ತಿರಲಿಲ್ಲ.

ರೇಣುಕಾ ಶುಕ್ರವಾರ ಹೋದಳು. ರಿಕ್ಷಾದವರೆಗೂ ಬಂದು ಚೀಲಗಳನ್ನು ಎಣಿಸಿ ಏರಿಸಿದೆ. ಅವಳು "ಬರ್ತೀನ್ರಿ" ಎಂದಳು. ನಾನು "ಹುಷಾರು" ಎಂದೆ. ಮನೆಗೆ ಬಂದು ನೀರು ಕುಡಿಯೋಣವೆಂದು ನೋಡಿದರೆ ಸ್ಟ್ಯಾಂಡಿನಲ್ಲಿ ಲೋಟವಿರಲಿಲ್ಲ. ಮಂಚದ ಕೆಳಗೆ, ಬಚ್ಚಲಲ್ಲಿ, ಕಿಟಕಿಯ ಹೊರಗಿನ ಸಜ್ಜದ ಮೇಲೆ, ಎಲ್ಲ ಕಡೆ ಹುಡುಕಿದೆ. ಕೊನೆಗೆ ಫೋನಿಗೆ ಒಂದು ಸಂದೇಶ ಬಂತು: 'ನಿಮ್ಮ ಲೋಟ ನನ್ನ ಹತ್ರ ಅದ. ಬೇಕಿದ್ರ ಬಂದ ಒಯ್ರಿ.'

ನೀವೇ ಹೇಳಿ, ಇದಕ್ಕೆ ಏನು ಉತ್ತರ ಬರೆಯುವುದು? ತಪ್ಪಿ ಹೋಯಿತೆಂದು ಅವಳು ಬರೆದಿರಲಿಲ್ಲ. ಕ್ಷಮಿಸಿ ಎಂದೂ ಇಲ್ಲ. ನನಗೆ ಕೋಪ ಬಂತು. ಒಂಬತ್ತು ದಿನ ಅಡುಗೆಯ ಅಳತೆಯ ಪಾವಿನಲ್ಲಿ ನೀರು ಕುಡಿದೆ. ಹತ್ತನೆಯ ದಿನ ಭಾನುವಾರ. ಕಾಕೂಗೆ ಚಹಾಕ್ಕೆ ಬರುವುದಿಲ್ಲವೆಂದು ಹೇಳಿ ಸ್ಟೇಷನ್ನಿಗೆ ಹೋದೆ.

ದೌಂಡದ ಸ್ಟೇಷನ್ನಿನಲ್ಲಿ ಇಳಿಯುವವರಿಗಿಂತ ಬೇರೆ ರೈಲಿಗೆ ಕಾಯುವವರೇ ಹೆಚ್ಚು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಕಬ್ಬು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದು, ತಿದ್ದಿ, ಚೊಕ್ಕಟ ಮಾಡಿಟ್ಟುಕೊಂಡಿದ್ದೆ. ರೇಣುಕಾಳ ಕೋಣೆ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ. ರೈಲಿನಿಂದಲೇ ಫೋನು ಮಾಡಿ ವಿಳಾಸ ಕೇಳಿದ್ದರಿಂದ ಬಾಗಿಲಲ್ಲೇ ನಿಂತಿದ್ದಳು.

"ಬರ‍್ರಿ ಬರ‍್ರಿ. ಲೋಟಕ್ಕಂತ ಬಂದ್ರೇನು?"

"ಹೂಂ."

"ಭಾಳ ಛಲೋ ಆತು. ನಾ ಬರ್ರಿ ಅಂದಿದ್ರ ಬರ್ತಿರ್ಲಿಲ್ಲ ನೀವು."

ನಾನು ತಿದ್ದಿಟ್ಟುಕೊಂಡಿದ್ದ ಭಾಷಣ ಅಲ್ಲಿಗೇ ಮುಗಿಯಿತು. ಅವಳು ಒಳಗೆ ಹೋಗಿ ಗೂಡಿನಿಂದ ನನ್ನ ಲೋಟ ತೆಗೆದಳು. ಒಂದೇ ಗೂಡು, ಒಂದು ಮೂಲೆಯಲ್ಲಿ ಅವಳ ತಟ್ಟೆ ಲೋಟ, ಇನ್ನೊಂದು ಮೂಲೆಯಲ್ಲಿ ಒಂಟಿಯಾಗಿ ನನ್ನದು. ಚುಕ್ಕೆಯ ಹೆಸರು ಹೊರಗೆ ಕಾಣುವಂತೆ ತಿರುಗಿಸಿ ಹಿಡಿದು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿದಳು:

"ನೋಡ್ರಿ, ನಮ್ಮ ಮನ್ಯಾಗ ನಿಮಗ ಬ್ಯಾರೆ ಲೋಟ."

ಬೇರೆ ಲೋಟ ಎಂದರೆ ಏನೆಂದು ನಮ್ಮಿಬ್ಬರ ಊರುಗಳಲ್ಲೂ ಎಲ್ಲರಿಗೂ ಗೊತ್ತು. ಹೋಟೆಲಿನ ಹೊರಗೆ, ಹಿತ್ತಿಲ ಗೋಡೆಯ ಸಂದಿಯಲ್ಲಿ, ಯಾರಿಗೆ ಇಡುತ್ತಿದ್ದರು ಎಂದೂ ಗೊತ್ತು. ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ಏನೋ ಆಗಿರಬೇಕು, ಅವಳೇ ಮೊದಲು ನಕ್ಕಳು. ಪೂರ್ತಿ ತಮಾಷೆಯ ನಗುವಾಗಿರಲಿಲ್ಲ. ಆದರೂ ನಗು.

"ನಂಗೆ ಅದು ಬೇಡ" ಎಂದೆ. "ನಿನ್ನದ್ರಲ್ಲೇ ಕೊಡು."

ಅವಳು ಒಂದು ಕ್ಷಣ ನೋಡಿ, ತನ್ನ ಲೋಟದಲ್ಲಿ ನೀರು ತುಂಬಿ ಕೊಟ್ಟಳು. ಬಾಯಿಗೆ ಹಚ್ಚಿದೆ.

ಸೋಪಿತ್ತು.

ಉತ್ಪ್ರೇಕ್ಷೆಯಲ್ಲ, ನಿಂಬೆಯ ಪರಿಮಳದ ಸೋಪು, ನಾಲಿಗೆಯ ಮೇಲೆ ಜಾರುವಷ್ಟು. ಎರಡು ಗುಟುಕು ಒಳಗೆ ಹೋಗಿಯಾಗಿತ್ತು. ರೇಣುಕಾ ನನ್ನನ್ನೇ ನೋಡುತ್ತಿದ್ದಳು. ಹಾಗೆಯೇ ಕುಡಿದು ಮುಗಿಸಿಬಿಡೋಣ, ಹನ್ನೊಂದು ತಿಂಗಳಿಗೆ ಒಂದು ಲೋಟ ಸೋಪುನೀರು ಏನೂ ಹೆಚ್ಚಲ್ಲ ಎನ್ನಿಸಿತು. ಆಗ ನಾನು ಎಷ್ಟು ದೊಡ್ಡವಳಾಗಿ ಕಾಣುತ್ತಿದ್ದೆ, ಕನಿಷ್ಠ ನನ್ನ ಕಣ್ಣಿಗೆ! ತರಬೇತುದಾರರು ಇದ್ದಿದ್ದರೆ ಇನ್ನೊಂದು ನಕ್ಷತ್ರ ಅಂಟಿಸುತ್ತಿದ್ದರು. ಆದರೆ ಬಾಯಿ ಮುಚ್ಚಿಕೊಂಡು ನುಂಗುವುದಕ್ಕೂ, ಬಾಯಿ ಮುಚ್ಚಿಕೊಂಡು ತೊಳೆಯುವುದಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ರೇಣುಕಾಗೆ ಜಾಗವಿಲ್ಲ, ಇರುವವಳು ನಾನೊಬ್ಬಳೇ.

"ರೇಣುಕಾ, ಸೋಪಿದೆ" ಎಂದೆ.

ಅವಳು ಲೋಟ ಕಿತ್ತುಕೊಂಡು ಮೂಸಿದಳು. "ಹೌದಲ್ರಿ! ಹೊಸಾ ಸಾಬೂನ ತಂದೀನಿ, ಜಲ್ದಿ ಹೋಗಂಗಿಲ್ಲ ಇದು." ನಲ್ಲಿ ಬಿಟ್ಟು, ಬೆರಳಾಡಿಸಿ, ಎರಡು ನೀರಿಗೆ ತೊಳೆದು, ಮತ್ತೆ ಮೂಸಿ, ನನ್ನ ಮೂಗಿಗೂ ಹಿಡಿದು, ನೀರು ತುಂಬಿ ಕೊಟ್ಟಳು. "ಇಷ್ಟ ಮಾತು ಅವತ್ತ ಅಂದಿದ್ರ ಏನಾಗ್ತಿತ್ರಿ? ಸೋಪ ಅದ ರೇಣುಕಾ, ಛಲೋತ್ನ್ಯಾಗ ತೊಳಿ ಅಂತ?"

"ಬೈತೀಯ ಅಂತ..."

"ಬೈತಿದ್ನೇ ಮತ್ತ! ಬೈದು ತೊಳೀತಿದ್ನಿ."

ನೀರು ಕುಡಿದೆ. ಅವಳು ರೊಟ್ಟಿ ಮಾಡಿದಳು. ಊಟದ ನಡುವೆ, ತಟ್ಟೆ ನೋಡುತ್ತಾ, "ನೀನು ಪುಣೆ ಬಿಟ್ಟು ಹೋಗೋದು ನಂಗೆ ಇಷ್ಟ ಇರ್ಲಿಲ್ಲ" ಎಂದೆ. ಅವಳು ರೊಟ್ಟಿ ಮುರಿಯುತ್ತಾ "ಗೊತ್ತಿತ್ರಿ" ಎಂದಳು. ಅವಳಿಗೆ ಎಲ್ಲವೂ ನನಗಿಂತ ಮೊದಲೇ ಗೊತ್ತಿರುತ್ತದೆ, ಅದೊಂದು ಕಿರಿಕಿರಿ. ವಾಪಸ್ ಬರುತ್ತೀಯಾ ಎಂದು ನಾನು ಕೇಳಲಿಲ್ಲ. ಅವಳು ಅಡ್ವಾನ್ಸ್ ಕೊಟ್ಟು ಕೋಣೆ ಹಿಡಿದಾಗಿತ್ತು, ಕಿಟಕಿಗೆ ಪರದೆ ಕೂಡ ಹೊಲಿಸಿದ್ದಳು.

ಹೊರಡುವಾಗ ಲೋಟ ಒಯ್ಯಲಿಲ್ಲ. ಮರೆತೆನೆಂದು ಹೇಳಿದರೆ ಸುಳ್ಳಾಗುತ್ತದೆ, ನಾನು ಸುಳ್ಳು ಹೇಳುವುದಿಲ್ಲವೆಂದು ಹಾಳೆಯಲ್ಲಿ ದಾಖಲಾಗಿದೆ. ಪುಣೆಯಲ್ಲಿ ಈಗ ಹೆಸರಿಲ್ಲದ ಎರಡು ಲೋಟ ತಂದಿಟ್ಟಿದ್ದೇನೆ. ಅವಳಿದ್ದ ಕೋಣೆಗೆ ಹೊಸಬಳು ಬರುವ ಮಾತಿದೆ. ಬಂದವಳು ತೊಳೆದಿಟ್ಟ ಲೋಟದ ಮುಂದೆ ನನ್ನ ಕೈ ಏನು ಮಾಡುತ್ತದೆ ಎಂದು ನಾನು ಖಚಿತವಾಗಿ ಹೇಳಲಾರೆ. ಅರಿವು ಬಂದದ್ದು ತಲೆಗೆ, ಕೈಗೆ ಇನ್ನೂ ಯಾರೂ ಪ್ರಮಾಣಪತ್ರ ಕೊಟ್ಟಿಲ್ಲ.

ಮೊನ್ನೆ ರೇಣುಕಾ ಒಂದು ಫೋಟೊ ಕಳಿಸಿದಳು. ಅವಳ ಬಚ್ಚಲಿನ ಕಿಟಕಿ. ಅದರ ಮೇಲೆ ನನ್ನ ಲೋಟ, 'ಸಂಧ್ಯಾ' ಎಂಬ ಚುಕ್ಕೆಗಳು ಸ್ಪಷ್ಟವಾಗಿ ಕಾಣುವಂತೆ. ಲೋಟದೊಳಗೆ ನಿಂತಿರುವುದು ಅವಳ ಹಲ್ಲುಜ್ಜುವ ಬ್ರಷ್ಷು. ಕೆಳಗೆ, 'ನಿಮ್ಮ ಲೋಟ ಆರಾಮ ಅದ.'

ತಕ್ಷಣ ಫೋನು ಮಾಡಿದೆ. "ರೇಣುಕಾ, ಅದ್ರಿಂದ ಬ್ರಷ್ ತೆಗಿ."

"ಯಾಕ್ರಿ? ದಿನಾ ತೊಳೀತೀನಿ."

"ತೊಳೆದ್ರೂ ಬೇಡ. ಅದು ನೀರು ಕುಡಿಯೋ ಲೋಟ. ಈಗ್ಲೇ ತೆಗಿ."

"ಬಂದ ತಗೀರಿ" ಎಂದು ಇಟ್ಟುಬಿಟ್ಟಳು.

ಭಾನುವಾರ ಹೋಗುತ್ತಿದ್ದೇನೆ. ಈ ಸಲ ಜಗಳವಾಡಲಿಕ್ಕೇ.